ನೆಂದರೆ ಬಿಗಿಯುವ ಹಗ್ಗ

ನನಗೆ ಈಜು ಬರುವುದಿಲ್ಲ. ಇಷ್ಟು ಚಿಕ್ಕ ಮಾತು ಹೇಳುವುದಕ್ಕೆ ನಲವತ್ತು ದಾಟಬೇಕಾಯಿತು. ಹೋದ ದಸರಾ ರಜೆಯ ತನಕ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಈಜು ಬಲ್ಲವಳೆಂದರೆ ನಾನೊಬ್ಬಳೇ ಅಂತ ಗಂಡ ಮಕ್ಕಳೆಲ್ಲ ನಂಬಿದ್ದರು. ನಂಬಿಸಿದ್ದವಳು ನಾನೇ.

ನಾನು ಹುಟ್ಟಿದ್ದು ಗುಬ್ಬಿ ಹತ್ತಿರದ ತೆಂಗಿನ ತೋಟದಲ್ಲಿ. ಅಲ್ಲಿ ಮಕ್ಕಳು ಈಜು ಕಲಿಯುವುದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಾಯಿ ಕಟ್ಟಿಕೊಂಡು. ಸಿಪ್ಪೆ ಸುಲಿಯದ ಎರಡು ಕಾಯಿಗಳನ್ನು ಜೋಡಿ ಮಾಡಿ, ನಾರಿನ ಹಗ್ಗದಿಂದ ಹೊಟ್ಟೆಗೆ ಸುತ್ತಿ ಬಿಡುತ್ತಾರೆ. ಅದು ಎಷ್ಟು ಒದ್ದಾಡಿದರೂ ಮುಳುಗಲು ಬಿಡುವುದಿಲ್ಲ. ಕಟ್ಟುವುದಕ್ಕೊಂದು ಲೆಕ್ಕವಿತ್ತು. ನಾರಿನ ಹಗ್ಗ ನೀರು ಕುಡಿದರೆ ಬಿಗಿಯುತ್ತದೆ, ಹೊಟ್ಟೆ ಕೊಯ್ಯುತ್ತದೆ. ಆದ್ದರಿಂದ ಒಂದು ಮುಷ್ಟಿ ಸಡಿಲ ಬಿಟ್ಟೇ ಗಂಟು ಹಾಕಬೇಕು. "ಒಂದು ಹಿಡಿ ಬುಡ್ಲಾ, ನೆಂದ್ರೆ ತಾನೇ ಬಿಗೀತದೆ" ಎಂದು ಅಪ್ಪ ಅಣ್ಣನಿಗೆ ಪ್ರತಿ ಸಲ ಕೂಗಿ ಹೇಳುತ್ತಿದ್ದರು. ಅದು ನನ್ನ ಕಿವಿಯಲ್ಲಿ ಈಗಲೂ ಇದೆ.

ಕಾಯಿ ಇದ್ದಷ್ಟು ದಿನ ನಾನೂ ಬಾವಿಯ ರಾಣಿಯೇ. ಹತ್ತನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಅಣ್ಣ ಕಾಯಿ ಬಿಚ್ಚಿ, "ಈಗ ಬಾ ನೋಡಣ" ಅಂದ. ಇಳಿದೆ. ಕಲ್ಲು ಇಳಿದ ಹಾಗೆ ಇಳಿದೆ. ಅಣ್ಣ ಜಡೆ ಹಿಡಿದು ಮೇಲಕ್ಕೆಳೆದ. ಆಮೇಲೆ ಆ ಬಾವಿಯ ಮೆಟ್ಟಿಲಿಗೂ ನಾನು ಕಾಲಿಡಲಿಲ್ಲ. ಅಣ್ಣ ಮಾತ್ರ ಪಂಪ್‌ಹೌಸಿನ ತಾರಸಿಯಿಂದ ಬಾವಿಗೆ ಹಾರುವಷ್ಟು ಗಟ್ಟಿಗನಾದ.

ಆ ತಾರಸಿಯಿಂದ ಹಾರಿದ್ದು ನಾನು ಎಂದು ಗಂಡನ ಮುಂದೆ ಹೇಳಿದ್ದು ಮದುವೆಯಾದ ಹೊಸದರಲ್ಲಿ. ಅವರು ಹುಲಿಯೂರುದುರ್ಗದವರು. ಬೆಟ್ಟ ಹತ್ತು ಅಂದರೆ ಮೇಕೆಯ ಹಾಗೆ ಹತ್ತಿಬಿಡುತ್ತಾರೆ, ನೀರು ಮಾತ್ರ ಬಕೆಟ್ಟಿನಲ್ಲೇ ಇರಬೇಕು. ಒಂದು ದಿನ ಯಾವುದೋ ಕೆರೆ ಏರಿಯ ಮೇಲೆ ನಿಂತು, "ನಂಗೆ ನೀರು ಅಂದ್ರೆ ಭಯ ಕಣೇ" ಅಂದರು. ಗಂಡಸು ಇಷ್ಟು ನೇರವಾಗಿ ಭಯ ಅಂದದ್ದನ್ನು ನಾನು ಕೇಳಿರಲಿಲ್ಲ. ನಕ್ಕುಬಿಟ್ಟೆ. "ನಮ್ಮ ಗುಬ್ಬಿ ಕಡೆ ಎಮ್ಮೆಗಿಂತ ಮೊದಲು ನಾವು ನೀರಿಗೆ ಬೀಳ್ತೀವಿ" ಎಂದು ಅಣ್ಣನ ಸಾಹಸವನ್ನೆಲ್ಲ ನನ್ನ ಹೆಸರಿಗೆ ಬರೆದುಕೊಂಡೆ. ಆಮೇಲೆ ಅದೇ ನಮ್ಮ ಮನೆಯ ತಮಾಷೆಯಾಯಿತು. ಮಳೆ ಬಂದರೆ "ಅಪ್ಪಂಗೆ ಟ್ಯೂಬ್ ತನ್ನಿ", ಸಂಪು ತುಂಬಿದರೆ "ಅಪ್ಪನ್ನ ದೂರ ಕರ್ಕೊಂಡು ಹೋಗಿ". ಮಕ್ಕಳು ಕೇಕೆ ಹಾಕುತ್ತಿದ್ದವು. ಅವರೂ ಜೊತೆಗೆ ನಗುತ್ತಿದ್ದರು. ಅಣ್ಣ ಒಂದು ದಿನವೂ ಬಾಯಿ ಬಿಡಲಿಲ್ಲ, ಪುಣ್ಯಾತ್ಮ.

ಹೀಗಿರುವಾಗ ನನ್ನ ಮಗಳು, ಹನ್ನೊಂದು ವರ್ಷದವಳು, ಮೊಬೈಲಿನಲ್ಲಿ ರ‍್ಯಾಫ್ಟಿಂಗ್ ನೋಡಿ ಹಟ ಹಿಡಿದಳು. ಅವಳಿಗಿಂತ ಎರಡು ವರ್ಷ ಚಿಕ್ಕವನಾದ ಮಗ ದನಿಗೂಡಿಸಿದ. ಮಕ್ಕಳ ಜೊತೆ ಮನೆಯ ದೊಡ್ಡವರೊಬ್ಬರು ದೋಣಿಯಲ್ಲಿ ಇರಲೇಬೇಕಂತೆ. ಗಂಡ ಎಂದಿನ ಹಾಗೆ, "ನಾನು ದಡದಲ್ಲಿ ಬಟ್ಟೆ ಕಾಯ್ತೀನಪ್ಪ" ಅಂದುಬಿಟ್ಟರು. ಮಗಳು, "ನೀನ್ಯಾಕಪ್ಪ, ಅಮ್ಮ ಇದಾಳಲ್ಲ!" ಅಂದಳು. ಕ್ಯಾತ್ಸಂದ್ರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು, ನೆಪ ಹೇಳುವ ಮಕ್ಕಳನ್ನು ಮುಖ ನೋಡಿಯೇ ಹಿಡಿಯುತ್ತೇನೆ. ಆ ದಿನ ನನಗೆ ಒಂದು ನೆಪವೂ ಹೊಳೆಯಲಿಲ್ಲ.

ಬೆಳಗ್ಗೆಯೇ ಕಾರು ಹತ್ತಿದೆವು. ಕುಣಿಗಲ್ ದಾಟಿ ಹುಲಿಯೂರುದುರ್ಗದಲ್ಲಿ ಅತ್ತೆಯ ಮನೆಗೆ ಹೋದರೆ, ಅವರು ಚಿತ್ರಾನ್ನ ಬಡಿಸುತ್ತಾ ನನ್ನ ಕೈ ಹಿಡಿದುಕೊಂಡರು. "ಬ್ಯಾರೆ ಯಾರಾದ್ರೂ ಆಗಿದ್ರೆ ಮಕ್ಳನ್ನ ಕಳಿಸ್ತಿರಲಿಲ್ಲ ಕಣವ್ವ. ನೀನಿದೀಯ ಅಂತ ಧೈರ್ಯ." ಹೊಟ್ಟೆನೋವು ಅನ್ನಬಹುದಿತ್ತು, ತಲೆಸುತ್ತು ಅನ್ನಬಹುದಿತ್ತು. ಅನ್ನಲಿಲ್ಲ. ಜಂಬ ಅನ್ನುವುದು ಎಂಥ ದರಿದ್ರದ್ದು ನೋಡಿ, ಮಕ್ಕಳ ಜೀವದ ಮುಂದೆಯೂ ಅದು ತಲೆ ಎತ್ತಿಕೊಂಡೇ ಕೂತಿತ್ತು.

ಕಾವೇರಿಯ ದಡದಲ್ಲಿ ಒಂದು ಫಾರಂ ಕೊಟ್ಟರು. ಹೆಸರು, ವಯಸ್ಸು, ಬಿಪಿ ಇದೆಯೇ, ಈಜು ಬರುತ್ತದೆಯೇ. ಎಡಗಡೆ ಮಗಳು, ಬಲಗಡೆ ಮಗ, ಹಿಂದೆ ಗಂಡ, ಮೂವರೂ ನನ್ನ ಪೆನ್ನನ್ನೇ ನೋಡುತ್ತಿದ್ದರು. ಬೋರ್ಡಿನ ಮೇಲೆ ಬರೆಯುವ ದುಂಡು ಅಕ್ಷರದಲ್ಲಿ "ಬರುತ್ತದೆ" ಎಂದು ಬರೆದೆ.

ನಮ್ಮ ಗೈಡು ನಲವತ್ತರ ಆಸುಪಾಸಿನ, ಬಿಸಿಲಿಗೆ ಸುಟ್ಟ ಸಣಕಲು ಮನುಷ್ಯ, ಅದೇ ನದಿಯ ದಡದವನು. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ, ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿದ. "ಎತ್ತಿದ್ರೂ ಇದು ಕಿವಿ ಹತ್ರ ಬರಬಾರದು, ಗೊತ್ತಾಯ್ತಾ?" ಎಂದು ಪ್ಯಾಡಲ್ ತರಲು ಹೋದ. ಅವನು ಆ ಕಡೆ ತಿರುಗಿದ್ದೇ ತಡ, ಮಗಳು ಗೊಣಗಿದಳು. "ಅಮ್ಮಾ, ಉಸಿರಾಡಕ್ಕಾಗ್ತಿಲ್ಲ, ಎಷ್ಟು ಟೈಟು!"

ಆಗ ನನ್ನೊಳಗಿನ ಗುಬ್ಬಿ ಎದ್ದು ಕೂತಿತು. ಆ ದಿನ ಬೆಳಗಿನಿಂದ ಮೊದಲ ಸಲ ನನಗೆ ಗೊತ್ತಿರುವ ಕೆಲಸವೊಂದು ಸಿಕ್ಕಿತ್ತಲ್ಲ! ಮೂರೂ ಬಕಲ್‌ಗಳ ಪಟ್ಟಿ ಎಳೆದು, ಒಂದು ಮುಷ್ಟಿ ಹೋಗುವಷ್ಟು ಸಡಿಲ ಮಾಡಿದೆ. "ನೆಂದ್ರೆ ತಾನೇ ಬಿಗಿಯಾಗುತ್ತೆ ಕಣೇ. ಇವರಿಗೇನು ಗೊತ್ತು" ಎಂದೆ. ಮಗ ಏನೂ ಗೊಣಗಿರಲಿಲ್ಲ, ಅವನದನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗಂಡ, "ನಿಂಗೆ ಗೊತ್ತಿರುತ್ತೆ ಬಿಡು" ಎಂದು ಟವೆಲುಗಳ ಚೀಲ ಹೆಗಲಿಗೇರಿಸಿ, ನಾವು ಕೊನೆಗೆ ಇಳಿಯಲಿದ್ದ ದಡಕ್ಕೆ ಕಾರು ಒಯ್ಯಲು ಹೊರಟರು.

ದೋಣಿಯಲ್ಲಿ ನಾವು ಮೂವರು, ಬೆಂಗಳೂರಿನಿಂದ ಬಂದಿದ್ದ ಇಬ್ಬರು ಹುಡುಗಿಯರು, ಹಿಂದೆ ಗೈಡು. ರಬ್ಬರಿನ ಅಂಚಿನ ಮೇಲೆ ಕೂತು, ಪಾದವನ್ನು ಅಡ್ಡ ಟ್ಯೂಬಿನ ಕೆಳಗೆ ತುರುಕಬೇಕು. ಗದ್ದಕ್ಕೆ ಹೆಲ್ಮೆಟ್ಟಿನ ಪಟ್ಟಿ, ಎದೆಗೆ ಜಾಕೆಟ್ಟು, ಕಾಲು ಸಿಕ್ಕಿಸಿದ ಕಡೆ ಅಲ್ಲಾಡುವುದಿಲ್ಲ. ದಡ ಹಿಂದೆ ಸರಿದು ಎರಡು ನಿಮಿಷವಾಗಿರಲಿಲ್ಲ, ನಾನು ತಿರುಗಿ ಕೇಳಿಯೇಬಿಟ್ಟೆ. "ಮಧ್ಯದಲ್ಲಿ ಎಲ್ಲಾದ್ರೂ ಇಳೀಬೋದಾ?"

"ಎಲ್ಲಿಳೀತೀರ ಮೇಡಂ? ಎರಡು ಕಡೆನೂ ಕಾಡು. ಆನೆ ಅವೆ" ಎಂದು ಅವನು ನಕ್ಕ. "ಇನ್ನು ಒಂದೂವರೆ ಗಂಟೆ ಸುಮ್ನೆ ಕುತ್ಕಳಿ."

ಕೂತೆ. ಇಳಿಯುವ ಹಾಗಿಲ್ಲ, ಬರುವುದಿಲ್ಲ ಅನ್ನುವ ಹಾಗೂ ಇಲ್ಲ. ಮೊದಲ ಇಳಿಜಾರಿನಲ್ಲಿ ದೋಣಿಯ ಮೂತಿ ಎದ್ದು ಬಿದ್ದಾಗ ಎಲ್ಲರೂ ಕಿರುಚಿದರು, ಸಂತೋಷದಿಂದ. ನಾನೂ ಕಿರುಚಿದೆ. ಬೇರೆ ಬೇರೆ ಕಿರುಚು ಎಂದು ಯಾರಿಗೆ ಗೊತ್ತಾಗಬೇಕು? ಅಂಚಿನ ಸುತ್ತ ಒಂದು ಹಗ್ಗವಿತ್ತು. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡೆ. ನನ್ನ ಪ್ಯಾಡಲ್ ಕಾಲ ಕೆಳಗೆ ಬಿದ್ದಿತ್ತು. ಮುಂದೆ ಕೂತ ಮಗಳು ಆಗಾಗ ತಿರುಗಿ, ಹಲ್ಲು ಬಿಟ್ಟು, "ಮಸ್ತ್ ಅಲ್ವೇನಮ್ಮಾ!" ಅನ್ನುತ್ತಿದ್ದಳು.

ಅರ್ಧ ದಾರಿ ಕಳೆದ ಮೇಲೆ ನದಿ ಅಗಲವಾಗಿ, ನಿಂತ ಕೆರೆಯ ಹಾಗೆ ಆಯಿತು. ಗೈಡು ಪ್ಯಾಡಲ್ ಎತ್ತಿದ. "ಇಲ್ಲಿ ಬೇಕಾದೋರು ನೀರಿಗೆ ಇಳೀಬೋದು. ಹಗ್ಗ ಹಿಡ್ಕಂಡು ನಿಧಾನಕ್ಕೆ. ಈಜು ಬರೋರು ಯಾರವ್ರೆ?"

"ನಮ್ಮಮ್ಮ!" ಮಗಳು ಶಾಲೆಯಲ್ಲಿ ಕೈಯೆತ್ತುವ ಹಾಗೆ ಕೈ ಎತ್ತಿದಳು.

"ಹಂಗಾದ್ರೆ ಮೇಡಂ ಫಸ್ಟ್ ಇಳೀಲಿ. ಮಕ್ಳು ಆಮೇಲೆ."

"ನಂಗೆ ಗಂಟಲು ಸರಿ ಇಲ್ಲ" ಎಂದೆ. "ನೆಂದ್ರೆ ಸ್ಕೂಲು ಶುರುವಾದಾಗ ಪಾಠ ಮಾಡಕ್ಕಾಗಲ್ಲ." ಅಯ್ಯೋ, ಹುಬ್ಬಿನ ತನಕ ನೆಂದು ಕೂತವಳ ಮಾತು!

ಗೈಡು ಆ ಕಡೆಯ ಅಂಚಿನಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳನ್ನು ಕೈ ಹಿಡಿದು ನೀರಿಗೆ ಇಳಿಸತೊಡಗಿದ. ನನ್ನ ಮಗಳಿಗೆ ಅಷ್ಟು ತಾಳ್ಮೆ ಎಲ್ಲಿಯದು? "ನಾನು ಹೋಗ್ತೀನಿ, ನೀನು ಹಿಂದೇನೇ ಬಾ" ಎಂದವಳೇ ಪಾದ ಬಿಡಿಸಿಕೊಂಡು ನನ್ನ ಪಕ್ಕದಿಂದ ಹಾರಿದಳು. ಹಗ್ಗ ಹಿಡಿಯಲಿಲ್ಲ. ಪಂಪ್‌ಹೌಸಿನ ತಾರಸಿಯಿಂದ ಹಾರಿದವಳ ಮಗಳಲ್ಲವೇ.

ಅವಳು ಕೆಳಗೆ ಹೋದಳು, ಜಾಕೆಟ್ಟು ಮೇಲೆ ಬಂತು. ಕಾಲರು ಗದ್ದ ದಾಟಿ, ಬಾಯಿ ದಾಟಿ, ಮೂಗಿನ ಮೇಲೆ ಕೂತಿತು. ಎರಡೂ ಕೈ ಮೇಲೆದ್ದು, ಜಾಕೆಟ್ಟಿನೊಳಗಿಂದ ಅವಳು ಜಾರಿ ಹೋಗುತ್ತಿದ್ದಳು. ಒಂದೇ ಒಂದು ಸಲ "ಅಮ್ಮಾ" ಎಂದು ಕೇಳಿಸಿತು. ಆಮೇಲೆ ಹೆಲ್ಮೆಟ್ಟು ಮತ್ತು ಕಣ್ಣು ಮಾತ್ರ. ಕಣ್ಣು ನನ್ನನ್ನೇ ನೋಡುತ್ತಿತ್ತು, ಇನ್ನೇನು ಬರುತ್ತಾಳೆ ಎಂದು.

ಒಂದು ಮಾತು ಇಲ್ಲಿ ಬಚ್ಚಿಡದೆ ಹೇಳಬೇಕು. ಆಗ ಈಜು ಬೇಕಾಗಿರಲಿಲ್ಲ. ಅವಳ ಕೈ ನನಗೆ ಒಂದು ಮೊಳ ದೂರದಲ್ಲಿತ್ತು. ಹಗ್ಗ ಹಿಡಿದ ಎರಡು ಕೈಗಳಲ್ಲಿ ಒಂದನ್ನು ಬಿಟ್ಟು ಬಗ್ಗಿದ್ದರೆ ಸಾಕಿತ್ತು. ಬಿಡು, ಬಿಡೇ, ಎಂದು ನನಗೆ ನಾನೇ ಬೈದುಕೊಂಡೆ. ಬೆರಳು ಬಿಚ್ಚಲಿಲ್ಲ. ಆ ಒಂದು ಮೊಳ ಎರಡಾಯಿತು, ಮೂರಾಯಿತು. "ಅಕ್ಕಾ!" ಎಂದು ಮಗ ಚೀರಿದ. ದೋಣಿ ಒಮ್ಮೆ ಜಗ್ಗಿತು. ಗೈಡು ನನ್ನ ತಲೆಯ ಮೇಲಿಂದಲೇ ಹಾರಿ, ಅವಳ ತೋಳು ಹಿಡಿದು, ಸೊಂಟಕ್ಕೆ ಕೈ ಕೊಟ್ಟು ಮೇಲಕ್ಕೆತ್ತಿದ.

ದೋಣಿಯೊಳಗೆ ಮಲಗಿಸಿದಾಗ ಅವಳು ಕೆಮ್ಮಿ ಕೆಮ್ಮಿ ನೀರು ಕಕ್ಕಿದಳು. ಗೈಡು ಜಾಕೆಟ್ಟಿನ ಪಟ್ಟಿ ಹಿಡಿದು ನೋಡಿದ. "ಯಾರ್ ಸಡಿಲ ಮಾಡಿದ್ದು ಇದ್ನ? ನಾನೇ ಕೈಯಾರೆ ಬಿಗ್ದಿದ್ದೆ!"

"ನಾನು" ಎಂದೆ. "ನೆಂದ್ರೆ ಬಿಗಿಯಾಗುತ್ತೆ ಅಂತ…"

"ಇದು ನೈಲಾನ್ ಮೇಡಂ. ನೆಂದ್ರೆ ಅದೆಂಗೆ ಬಿಗಿಯಾಯ್ತದೆ?" ಅವನ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಮೂರು ಪಟ್ಟಿಗಳನ್ನೂ ಮತ್ತೆ ಬಿಗಿದ. ಮಗಳು ಗೊಣಗಲಿಲ್ಲ.

ಇನ್ನೂ ಮುಕ್ಕಾಲು ಗಂಟೆಯ ದಾರಿ ಇತ್ತು. ಅದೇ ದೋಣಿ, ಅದೇ ಅಂಚು, ಎರಡು ಕಡೆಯೂ ಅದೇ ಕಾಡು. ಮಗಳು ನನ್ನ ಮುಂದೆಯೇ ಕೂತು ಪ್ಯಾಡಲ್ ಹಾಕುತ್ತಿದ್ದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ಅವಳ ಬೆನ್ನು ಬಿಟ್ಟರೆ ನನಗೆ ನೋಡುವುದಕ್ಕೆ ಬೇರೇನೂ ಇರಲಿಲ್ಲ. ಎದ್ದು ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು, ಕಾಲು ಟ್ಯೂಬಿನ ಕೆಳಗಿತ್ತು. ಬದುಕಿನಲ್ಲಿ ಅಷ್ಟು ನಾಚಿಕೆಯನ್ನು ನಾನು ಪಟ್ಟಿಲ್ಲ.

ದಡದಲ್ಲಿ ಗಂಡ ಟವೆಲು ಹಿಡಿದು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಓಡಿಹೋಗಿ, "ಅಪ್ಪಾ, ನಾನು ನೀರಿಗೆ ಬಿದ್ದೆ! ಅಮ್ಮ ಹಿಂದೇನೇ ಹಾರಿ ಹಿಡ್ಕೊಂಡ್ಲು!" ಎಂದಳು. ಮಗ ಏನೋ ಹೇಳಲು ಹೊರಟ. ಅವಳು ಅವನ ಕಾಲು ತುಳಿದದ್ದನ್ನು ನಾನು ನೋಡಿದೆ. ಗಂಡನ ಕಣ್ಣಲ್ಲಿ ನೀರು ಬಂತು. "ನೀನು ಇಲ್ಲದಿದ್ರೆ ಏನ್ಗತಿ ಕಣೇ" ಎಂದು ಎಲ್ಲರ ಎದುರಿಗೇ ನನ್ನ ಭುಜ ಹಿಡಿದರು. ನಾನು ಟವೆಲು ತೆಗೆದುಕೊಂಡು ಮುಖ ಒರೆಸಿಕೊಂಡೆ.

ವಾಪಸ್ಸು ಬರುವಾಗ ಹುಲಿಯೂರುದುರ್ಗದಲ್ಲಿ ಅತ್ತೆಗೂ ಸುದ್ದಿ ಮುಟ್ಟಿತು. ಅವರು ಉಪ್ಪು ಮೆಣಸಿನಕಾಯಿ ಹಿಡಿದುಕೊಂಡು ಬಂದು, ಮೊಮ್ಮಗಳ ದೃಷ್ಟಿ ತೆಗೆದು, ಆಮೇಲೆ ನನ್ನನ್ನೂ ಮಣೆಯ ಮೇಲೆ ಕೂರಿಸಿದರು. "ಬ್ಯಾಡ ಅತ್ತೆ" ಎಂದೆ. "ಸುಮ್ನಿರವ್ವ, ನಿಂಗೇ ಮೊದಲು ತೆಗೀಬೇಕಿತ್ತು" ಎಂದು ಮೂರು ಸಲ ಇಳಿ ತೆಗೆದರು. ಒಲೆಗೆ ಹಾಕಿದ ಮೆಣಸಿನಕಾಯಿ ಚಟಪಟ ಅಂದಿತು, ಘಾಟಿಗೆ ಎಲ್ಲರೂ ಕೆಮ್ಮಿದರು. ಮಗಳ ಕೆಮ್ಮು ಕೇಳಿ ನನಗೆ ಮತ್ತೆ ಆ ದೋಣಿಯೇ ನೆನಪಾಯಿತು.

ಸಂಜೆ ಕುಣಿಗಲ್‌ನಲ್ಲಿ ಹೆದ್ದಾರಿ ಪಕ್ಕದ ಹೋಟೆಲಿಗೆ ಕಾಫಿ ತಿಂಡಿಗೆ ನಿಂತೆವು. ಕೈ ತೊಳೆಯುವ ಜಾಗದಲ್ಲಿ ಮಗಳು ಪಕ್ಕಕ್ಕೆ ಬಂದಳು. ನೀರಿನಿಂದ ಎದ್ದ ಮೇಲೆ ಅವಳು ನನ್ನೊಬ್ಬಳ ಜೊತೆ ಮಾತಾಡಿದ್ದು ಅದೇ ಮೊದಲು. ನಲ್ಲಿಯ ನೀರನ್ನೇ ನೋಡುತ್ತಾ ಪಿಸುಗುಟ್ಟಿದಳು.

"ನಿಂಗೆ ಈಜು ಬರಲ್ಲ ಅಂತ ನಾನು ಯಾರಿಗೂ ಹೇಳಲ್ಲ ಅಮ್ಮ. ತಮ್ಮಂಗೂ ಹೇಳಿದೀನಿ. ಭಯ ಆಯ್ತು ಅಂತ ಗೊತ್ತಾದ್ರೆ ಎಲ್ರೂ ನಿನ್ನ ನೋಡಿ ನಗ್ತಾರೆ, ಅಪ್ಪನ್ನ ನೋಡಿ ನಗ್ತೀವಲ್ಲ, ಹಂಗೆ."

ನಲ್ಲಿ ನಿಲ್ಲಿಸಲು ಮರೆತೆ. ಯಾರೋ ಹಿಂದಿನಿಂದ, "ನೀರು ವೇಸ್ಟ್ ಆಗ್ತಿದೆ ಕಣಮ್ಮ" ಎಂದು ಕೂಗಿದರು. ಮುಳುಗುತ್ತಿದ್ದಾಗ ನಾನು ಕೈಬಿಟ್ಟ ಮಗು ನನ್ನ ಮಾನ ಕಾಯುತ್ತಿತ್ತು. ಹೀಗೆ ಕಾಯಬೇಕೆಂದು ಅವಳಿಗೆ ನಮ್ಮ ಮನೆಯಲ್ಲಿ ಕಲಿಸಿದ್ದು ಬೇರೆ ಯಾರೂ ಅಲ್ಲ.

ಮೇಜಿನ ಹತ್ತಿರ ಬಂದು ಕೂತೆ. ಗಂಡ ಗುಬ್ಬಿಗೆ ಫೋನ್ ಹಚ್ಚಿ, "ನಿಮ್ಮ ತಂಗಿ ಏನು ಮಾಡಿದ್ಲು ಗೊತ್ತಾ?" ಎಂದು ಅಣ್ಣನಿಗೆ ಶುರುಮಾಡಿದ್ದರು. ಅವರ ಕೈಯಿಂದ ಫೋನ್ ಕಿತ್ತುಕೊಂಡು ಕತ್ತರಿಸಿದೆ.

"ನಾನು ಹಾರಲಿಲ್ಲ" ಎಂದೆ. "ನಂಗೆ ಈಜು ಬರಲ್ಲ. ಯಾವತ್ತೂ ಬರ್ತಿರಲಿಲ್ಲ. ಕೈ ಚಾಚಿದ್ರೆ ಸಿಗ್ತಿದ್ಲು, ಭಯಕ್ಕೆ ಚಾಚಲಿಲ್ಲ. ಎತ್ತಿದ್ದು ಗೈಡು."

"ಅಮ್ಮಾ!" ಎಂದಳು ಮಗಳು.

"ಜಾಕೆಟ್ ಸಡಿಲ ಮಾಡಿದ್ದು ನಾನೇ. ನೀವೂ ನೋಡಿದ್ರಲ್ಲ."

ಅವರು ನಗುತ್ತಾರೆಂದು ಕಾದೆ. ನಗಲಿ ಎಂದು ಮನಸಾರೆ ಬೇಡಿಕೊಂಡೆ. ಮದುವೆಯಾದಾಗಿನಿಂದ ನಾನು ನಕ್ಕಿದ್ದಷ್ಟನ್ನೂ ಒಂದೇ ಸಲ, ಆ ಹೋಟೆಲಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕುಬಿಡಲಿ ಎಂದು. ಅವರು ನಗಲಿಲ್ಲ. ಎದುರಿಗಿದ್ದ ತಟ್ಟೆ ಪಕ್ಕಕ್ಕೆ ಸರಿಸಿ, ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಜಾಕೆಟ್ಟಿನ ಕಾಲರು ಅವಳ ಗದ್ದದ ಕೆಳಗೆ ಮೂಡಿಸಿದ್ದ ಕೆಂಪು ಗೆರೆಯ ಮೇಲೆ ಬೆರಳಿಟ್ಟು, "ನೋವಿದೆಯಾ?" ಎಂದು ಕೇಳಿದರು.