ಬಣ್ಣ ಬಿಟ್ಟ ಬೂಷ್ಟು

ಕೊಪ್ಪಳದ ಪ್ರಯೋಗಾಲಯದಲ್ಲಿ ನನ್ನ ಮೊದಲ ವರ್ಷದ ದಿನಚರಿಯಲ್ಲಿ ಒಂದು ಪುಟದ ತುಂಬ ಸೊನ್ನೆಗಳೇ ಇವೆ. ಎಂಟು ನಳಿಕೆ, ಹದಿನಾಲ್ಕು ದಿನ. ಒಂದರಲ್ಲೂ ಏನೂ ಬೆಳೆದಿಲ್ಲ.

ಅದು ಕುಷ್ಟಗಿ ಕಡೆಯ ಒಬ್ಬ ನೇಕಾರಮ್ಮನ ಪುಟ. ಎಂದೋ ಜಾಲಿಮುಳ್ಳು ನೆಟ್ಟಿದ್ದ ಅವರ ಬಲಪಾದ ಊದಿ ಗಡ್ಡೆಯಾಗಿ, ಅದರ ತೂತುಗಳಿಂದ ಸಾಸಿವೆಗಿಂತ ಸಣ್ಣ ಕರಿಕಾಳು ಉದುರುತ್ತಿದ್ದವು. ನಳಿಕೆಗಳಿಗೆ ಹಾಕಿದ್ದು ಆ ಕಾಳನ್ನೇ. ಪಾದದೊಳಗೆ ಬೂಷ್ಟು ಬೆಳೆದಿದೆ ಎಂಬುದು ವೈದ್ಯರಿಗೆ ಗೊತ್ತಿತ್ತು. ಯಾವ ಬೂಷ್ಟು ಎಂದು ತಿಳಿದರೆ ತಕ್ಕ ಮಾತ್ರೆ ಕೊಟ್ಟು, ಎಲುಬಿಗೆ ಇಳಿಯುವ ಮುಂಚೆ ತಡೆಯಬಹುದು. ಇಳಿದರೆ ಪಾದವನ್ನೇ ತೆಗೆಯಬೇಕಾದೀತು. ಅವರದು ಕುಣಿಮಗ್ಗ. ಎರಡೂ ಕಾಲು ಕುಣಿಯಲ್ಲಿ ಇಳಿಬಿಟ್ಟು ತುಳಿದರೇ ಸೀರೆ.

ಹದಿನೈದನೇ ದಿನ ಅವರು ಮತ್ತೆ ಬಂದರು. ಕೇಳದಿದ್ದರೂ ಇನ್ನಷ್ಟು ಕಾಳು ಕೂಡಿಸಿ ತಂದು, ಸೆರಗಿನ ಗಂಟು ಬಿಚ್ಚಿ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಹೋದ ಸಲ ಮಾದರಿ ತೆಗೆದುಕೊಳ್ಳುವ ಕಿಟಕಿಯವರು ಕಾಳನ್ನು ಸೀಸೆಗೆ ಸುರಿದು ಕಳಿಸಿದ್ದರಿಂದ ಈ ಡಬ್ಬಿಯನ್ನು ನಾನು ನೋಡಿರಲಿಲ್ಲ. ಆಗಲೂ ಇದರಲ್ಲೇ ತಂದಿರಾ ಎಂದು ಕೇಳಿದೆ.

“ಹ್ಞೂಂ ಮತ್ತ. ಕಾಗದದಾಗ ಕಟ್ಟಿದ್ರ ಇರಿವಿ ಹತ್ತತಾವು. ಸುಣ್ಣಕ್ಕ ಒಂದೂ ಬರಂಗಿಲ್ಲ ನೋಡ್ರಿ.”

ಇರುವೆಯೂ ಬಾರದ ಸುಣ್ಣದಲ್ಲಿ ಬೂಷ್ಟು ಬದುಕೀತೇ? ತೂಕ, ಬಣ್ಣ, ಗಂಟೆ ಎಲ್ಲ ಬರೆದಿದ್ದ ನಾನು ಯಾವುದರಲ್ಲಿ ತಂದರು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಅದಕ್ಕೊಂದು ಹೊಸ ಕಾಲಂ ಗೆರೆ ಎಳೆದೆ. ಅಂದೇ ವೈದ್ಯರು ಗಾಯದಿಂದ ನೇರವಾಗಿ ಕಾಳು ತೆಗೆದುಕೊಟ್ಟರು. ಆರು ಸಲ ತೊಳೆದು ಎಂಟು ನಳಿಕೆಗೆ ಹಾಕಿದೆ.

ಹತ್ತನೇ ದಿನ ಮೂರನೇ ನಳಿಕೆಯಲ್ಲಿ ಚರ್ಮದಂಥ ಸಣ್ಣ ಮಡಿಕೆ ಕಂಡಿತು. ಹದಿನೆಂಟನೇ ದಿನಕ್ಕೆ ಎಂಟರಲ್ಲಿ ಏಳು ನಳಿಕೆ ಬೆಳೆದಿದ್ದವು. ಬೂಷ್ಟಿಗೆ ಆಹಾರವಾಗಿ ನಳಿಕೆಯಲ್ಲಿಟ್ಟಿದ್ದ ತಿಳಿ ಜೆಲ್ಲಿಗೆಲ್ಲ ಕಂದು ಬಣ್ಣ ಇಳಿದಿತ್ತು. ನಮ್ಮ ಹಿರಿಯ ತಜ್ಞೆ ಸೂಕ್ಷ್ಮದರ್ಶಕದಲ್ಲೂ ನೋಡಿ, ಬೂಷ್ಟಿನ ಹೆಸರು ಮದುರೆಲ್ಲಾ ಎಂದು ಬರೆದು ಸಹಿ ಹಾಕಿದರು.

ಎಕ್ಸ್‌ರೇಯಲ್ಲಿ ಎಲುಬು ಚೊಕ್ಕವಾಗಿತ್ತು. ತಿಂಗಳುಗಟ್ಟಲೆ ಮಾತ್ರೆ, ಗಡ್ಡೆಯಷ್ಟೇ ಕೊಯ್ಯುವುದು, ಪಾದ ಉಳಿಯುತ್ತದೆ ಎಂದು ವೈದ್ಯರು ಹೇಳಿದ ಮೇಲೆ ನೇಕಾರಮ್ಮ ನೇರ ನನ್ನ ಮೇಜಿಗೆ ಬಂದರು. ತನ್ನ ಕಾಲೊಳಗಿದ್ದದ್ದನ್ನು ನೋಡಬೇಕಂತೆ. ನಳಿಕೆಯನ್ನು ಬೆಳಕಿಗೆ ಹಿಡಿದು, ಈ ಬಣ್ಣವೂ ಅದರ ಗುರುತು ಎಂದೆ. ಅವರು ನೂಲು ಪರೀಕ್ಷಿಸುವಂತೆ ಹೊರಳಿಸಿ ನೋಡಿದರು.

“ಬಣ್ಣ ಬಿಡತೈತಿ ತಂಗಿ ಇದು. ಇಂಥಾ ನೂಲು ನಾ ಮಗ್ಗಕ್ಕ ಏರಸಂಗಿಲ್ಲ. ಕಾಲಾಗ ಹ್ಯಾಂಗ ಬಿಟ್ಕೊಂಡೆ ಅಂತೀನಿ.”

ಇಬ್ಬರೂ ಎಷ್ಟು ನಕ್ಕೆವೆಂದರೆ ಪಕ್ಕದ ಕೋಣೆಯವರು ಇಣುಕಿ ಹೋದರು. ಹೊರಡುವಾಗ ಡಬ್ಬಿ ಕೇಳಿದರು. ಆವಿಯಲ್ಲಿ ಎರಡು ಸಲ ಬೇಯಿಸಿ ಉಜ್ಜಿಟ್ಟಿದ್ದೆ, ಕೊಟ್ಟೆ. ಸುಣ್ಣ ಹಚ್ಚಿದ ಎಲೆಯಡಿಕೆ ಹಾಕಿಕೊಳ್ಳದೆ ಮಗ್ಗಕ್ಕೆ ಕೂತರೆ ಅವರಿಗೆ ಕಾಲೇ ಏಳುವುದಿಲ್ಲವಂತೆ.