ಪೂಜೆಗೆ ಕೂತ ಕಾರ್ಡು

ರೂಟರ್ ಎಂಬ ಪೆಟ್ಟಿಗೆಯ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಅದು ಹೇಳಿದ್ದನ್ನೆಲ್ಲ ಕೇಳುತ್ತದೆ, ಆದರೆ ‘ನೆನಪಿಟ್ಟುಕೋ’ ಎಂದು ಬೇರೆಯಾಗಿ ಹೇಳದಿದ್ದರೆ ಒಂದನ್ನೂ ನೆನಪಿಡುವುದಿಲ್ಲ. ಈ ಗುಣ ನನ್ನಲ್ಲೂ ಇದೆಯೆಂದು ನನ್ನ ಹೆಂಡತಿಯ ದೂರು. ಕೊತ್ತಂಬರಿ ತನ್ನಿ ಎಂದು ಅವಳು ಹೇಳಿದ್ದು ನನ್ನ ಕಿವಿಗೆ ಬಿದ್ದಿರುತ್ತದೆ, ಹೂಂ ಎಂದೂ ಅಂದಿರುತ್ತೇನೆ. ಗೇಟು ದಾಟುವಷ್ಟರಲ್ಲಿ ತಲೆಯೊಳಗೆ ಕರೆಂಟು ಹೋಗಿರುತ್ತದೆ.

ತಿಳಿಯದವರಿಗಾಗಿ ಹೇಳುತ್ತೇನೆ. ಒಂದೂರಿನ ಕಂಪ್ಯೂಟರನ್ನು ಇನ್ನೊಂದೂರಿನದರ ಜೊತೆ ಮಾತಾಡಿಸುವ ದಲ್ಲಾಳಿಯೇ ರೂಟರ್. ಯಾರು ಯಾರ ಜೊತೆ ಯಾವ ದಾರಿಯಲ್ಲಿ ಮಾತಾಡಬೇಕೆಂಬ ಕಟ್ಟಳೆಗಳನ್ನು ನಾವು ಅದಕ್ಕೆ ಬರೆದುಕೊಡುತ್ತೇವೆ. ಅದರ ದೊಡ್ಡ ಹೆಸರು ಕಾನ್ಫಿಗರೇಶನ್. ಬರೆದದ್ದು ಮೊದಲು ಕರೆಂಟು ಇರುವ ತನಕ ಮಾತ್ರ ಬದುಕುವ ಮೆಮರಿಯಲ್ಲಿ ಕೂತಿರುತ್ತದೆ. ಅದು ಉಳಿಯಬೇಕೆಂದರೆ ಪೆಟ್ಟಿಗೆಯ ಒಳಗಿನ ಖಾಯಂ ಮೆಮರಿಗೋ, ಹೊರಗಿನಿಂದ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ಅಗಲದ ಕಾರ್ಡಿಗೋ ಇಳಿಸಬೇಕು. ಪುಣೆಯಲ್ಲಿ ಈ ಪಾಠ ಕಲಿಸುತ್ತಿದ್ದ ಮಾಸ್ತರನೆಂದರೆ ಗುರುವಾರ. ರಿಪೇರಿಗೆಂದು ಕರೆಂಟು ತೆಗೆಯುವ ವಾರ ಅದು. ಬುಧವಾರ ಮೈಮರೆತವನು ಗುರುವಾರ ಸಂಜೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಬರೆಯುತ್ತ ಕೂರುತ್ತಿದ್ದ.

ತೊಂಬತ್ತರ ದಶಕದಲ್ಲಿ ನಾನು ಇದನ್ನೆಲ್ಲ ಫ್ಲಾಪಿಯಲ್ಲಿ ಹೊತ್ತು ತಿರುಗುತ್ತಿದ್ದೆ. ಸ್ಕೂಟರಿನಲ್ಲಿ ಪುಣೆಯ ಒಂದು ತುದಿಯ ಖಡಕಿಯಿಂದ ಇನ್ನೊಂದು ತುದಿಯ ಕೊಂಢವಾ ತಲುಪುವುದರೊಳಗೆ ಅಂಗಿಯ ಜೇಬಿನಲ್ಲಿದ್ದ ಫ್ಲಾಪಿ ಧೂಳಿಗೆ ನನಗಿಂತ ಮೊದಲೇ ಸುಸ್ತಾಗಿರುತ್ತಿತ್ತು. ಹೀಗಾಗಿ ಕಾರ್ಡ್ ಕೈಗೆ ಬಂದ ಹೊಸದರಲ್ಲಿ ನನಗೆ ಹಿಡಿಸಲಾರದಷ್ಟು ಹಿಗ್ಗು. ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಿದ್ದೆ. ಈರಪ್ಪ ಕಾಕಾಗೂ ತೋರಿಸಿದೆ. ಎಡವಟ್ಟು ಶುರುವಾದದ್ದೇ ಅಲ್ಲಿ.

ಈರಪ್ಪ ಕಾಕಾ ಬೈಲಹೊಂಗಲದ ಕಡೆಯವರು. ಮನೆ ಕಟ್ಟುವವರಿಗೆ ಬೇಕಾದ ಮೊಳೆ, ಚಿಲಕ, ನಲ್ಲಿ ಮಾರುತ್ತ ಕೊಂಢವಾದಲ್ಲಿ ನೆಲೆ ನಿಂತವರು. ಕೆಳಗೆ ಅಂಗಡಿ, ಮೇಲೆ ಮನೆ. ಪುಣೆಯ ಹೊರಗಿನ ಊರಾದ ಭೋರ್‌ನಲ್ಲಿ ಇನ್ನೊಂದು ಅಂಗಡಿ ತೆರೆಯೋಣ, ಅದನ್ನು ನಾನೇ ನಡೆಸುತ್ತೇನೆ ಎಂದು ಅವರ ಸೊಸೆ ಸವಿತಾ ಪಟ್ಟು ಹಿಡಿದಿದ್ದಳು. ಕಾಕಾ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ.

“ಭೋರದಾಗ ಒಂದು ಮೊಳಿ ಮಾರಿದ್ರೂ ಇಲ್ಲಿ ಕೂತು ನನಗ ಕಾಣಬೇಕು. ದಸರಾ ಮುಹೂರ್ತದಾಗ ಮೊದಲ್ನೇ ಬಿಲ್ ಕಾಣಲಿಲ್ಲಂದ್ರ ಆ ಅಂಗಡಿಗೆ ನಮ್ಮ ಅಳಿಯನ್ನ ಕೂಡ್ರಸ್ತೀನಿ.”

ಕೊಂಢವಾದಲ್ಲಿ ಮೊದಲೇ ಇದ್ದ ರೂಟರಿಗೆ ಭೋರ್ ಅಂಗಡಿಯದನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊಂಢವಾದ ಪೆಟ್ಟಿಗೆಯ ಒಳಗಿನ ಮೆಮರಿಯಲ್ಲಿ ಹಳೆಯ ಕಟ್ಟಳೆ ಇತ್ತು. ಹೊಸದು ಕೈಕೊಟ್ಟರೆ ಹಳೆಯದಾದರೂ ಇರಲಿ ಎಂದು ಅದನ್ನು ಹಾಗೇ ಬಿಟ್ಟು, ಭೋರ್ ಸೇರಿಸಿದ ಹೊಸ ಕಟ್ಟಳೆಯನ್ನು ಕಾರ್ಡಿಗೆ ಇಳಿಸಿದೆ. ಕಾರ್ಡ್ ಇದ್ದರೆ ಅದನ್ನು ಓದು, ಇಲ್ಲದಿದ್ದರೆ ಒಳಗಿನದನ್ನು ಓದು ಎಂದು ಪೆಟ್ಟಿಗೆಗೆ ಹೇಳಿದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಕಾಕಾ, “ಇದರಾಗ ಮುಖ್ಯ ಯಾವುದ್ರಿ?” ಎಂದು ಕೇಳಿದರು.

“ಪೆಟ್ಟಿಗಿ ಏನಿಲ್ಲ ಕಾಕಾ, ಬರೇ ತಗಡು. ಇದರ ಜೀವ ಎಲ್ಲಾ ಈ ಕಾರ್ಡಿನ್ಯಾಗ ಅದ,” ಎಂದೆ. ಮಾತು ಚೆನ್ನಾಗಿ ಬಂತೆಂದು ನನಗೇ ಹೆಮ್ಮೆಯಾಯಿತು. ಬಲ್ಲವನಂತೆ ಮಾತಾಡುವ ಚಟ ಇರುವವರು, ಎದುರಿಗಿರುವವರು ಅದನ್ನು ನಂಬಿಬಿಟ್ಟರೆ ಏನು ಗತಿ ಎಂದು ಸ್ವಲ್ಪ ಯೋಚಿಸಬೇಕು.

ದಸರೆಯ ದಿನ ಬೆಳಿಗ್ಗೆ ಭೋರ್‌ನಿಂದ ಸವಿತಾಳ ಫೋನು.

“ಅಣ್ಣಾರ, ಲೈನ್ ಬರವಲ್ದ್ರಿ. ಮಂದಿ ಎಲ್ಲಾ ಬಂದು ನಿಂತಾರ. ಅಲ್ಲಿ ಮಾವಾರು ಪರದೆ ಮುಂದ ಕೂತಾರಂತ. ಏನರ ಮಾಡ್ರಿ.”

ಸ್ಕೂಟರ್ ಹತ್ತಿ ಕೊಂಢವಾದ ಅಂಗಡಿಗೆ ಓಡಿದೆ. ಕಾಕಾ ಹೊಸ ಧೋತರ ಉಟ್ಟು, ಕಂಪ್ಯೂಟರಿನ ಎದುರು ಕೈಕಟ್ಟಿ ಕೂತಿದ್ದರು. ಕೊಂಢವಾದ ಕೆಲಸವೆಲ್ಲ ಸರಾಗವಾಗಿ ನಡೆದಿತ್ತು. ಭೋರ್ ಎಂಬ ಊರು ಇರುವುದೇ ಪೆಟ್ಟಿಗೆಗೆ ಗೊತ್ತಿರಲಿಲ್ಲ. ಬಗ್ಗಿ ನೋಡಿದರೆ ಕಾರ್ಡ್ ಸಿಕ್ಕಿಸುವ ಜಾಗ ಖಾಲಿ.

“ಕಾರ್ಡ್ ಎಲ್ಲೆ ಅದ ಕಾಕಾ?”

“ಪೂಜಿಗೆ ಕೂಡ್ರಿಸೀನಿ. ನಿನ್ನೆ ಖಂಡೇ ನವಮಿ ಅಲ್ಲೇನು? ಎಲ್ಲಾ ಆಯುಧಕ್ಕ ವಿಶ್ರಾಂತಿ. ಪೆಟ್ಟಿಗಿ ಬಂದ್ ಮಾಡಿ, ಅದರ ಜೀವ ತಗೊಂಡು ಮ್ಯಾಲೆ ಒಯ್ದೆ. ಇವತ್ತ ಮತ್ತ ಚಾಲೂ ಮಾಡೀನಿ, ಲೈಟ್ ಹತ್ಯಾವ ನೋಡ್ರಿ.”

ಮೇಲೆ ದೇವರ ಮನೆಯಲ್ಲಿ ತಕ್ಕಡಿ, ಸುತ್ತಿಗೆ, ನಟ್ಟು ತಿರುಗಿಸುವ ಪಾನಾ ಸಾಲಾಗಿ ಕೂತಿದ್ದವು. ಅವುಗಳ ನಡುವೆ ಬೆಳ್ಳಿಯ ತಟ್ಟೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೊಂದು ಚೆಂಡು ಹೂವು ಹೊತ್ತು, ನನ್ನ ಕಾರ್ಡು. ಕೈ ಚಾಚಿದೆ. ಕಾಕಾ ಆ ಕೈಯನ್ನು ಗಪ್ಪನೆ ಹಿಡಿದುಕೊಂಡರು.

“ಮುಟ್ಟಬ್ಯಾಡ್ರಿ. ದಶಮಿ ನೈವೇದ್ಯ ಆಗೂತನಕ ಆಯುಧ ಅಲಗಾಡಸೂದಿಲ್ಲ ನಮ್ಮಲ್ಲೆ.”

ನೈವೇದ್ಯವೆಂದರೆ ಹೋಳಿಗೆ. ಹೋಳಿಗೆಯ ಬೇಳೆ ಇನ್ನೂ ಒಲೆಯ ಮೇಲೆ ಕುದಿಯುತ್ತಿತ್ತು. ಅದು ಬೆಂದು, ಹೂರಣವಾಗಿ, ಹಂಚಿಗೆ ಬೀಳುವ ಹೊತ್ತಿಗೆ ಮುಹೂರ್ತ ದಾಟಿ ಅಳಿಯ ಭೋರ್ ತಲುಪಿರುತ್ತಿದ್ದ. ಕೆಳಗೆ ಕೂತು ಎಲ್ಲವನ್ನೂ ಹೊಸದಾಗಿ ಬರೆಯಬಹುದಿತ್ತಲ್ಲ ಎನ್ನುವಿರಿ. ಬರೆಯಬಹುದಿತ್ತು, ತಲೆಯಲ್ಲಿ ಇದ್ದಿದ್ದರೆ. ಕೊತ್ತಂಬರಿ ಹೋದ ದಾರಿಯಲ್ಲೇ ಅದೂ ಹೋಗಿತ್ತು. ಇನ್ನು ಕಾಕಾನೊಂದಿಗೆ ವಾದಿಸೋಣವೆಂದರೆ, ಅವರು ತಮ್ಮ ಹಟಕ್ಕಲ್ಲ, ನಂಬಿಕೆಗೆ ನಿಂತವರು. ನಾನು ಗೋಡೆಯ ಗಡಿಯಾರ ನೋಡಿದೆ.

ಅಷ್ಟರಲ್ಲಿ ಅಡಿಗೆಮನೆಯಿಂದ ಕಾಕಾನ ಹೆಂಡತಿ ಗಂಗವ್ವ ಕಾಕು ಬಂದರು. ಆ ಮನೆಯಲ್ಲಿ ಹಬ್ಬದ ಕಟ್ಟುನಿಟ್ಟೆಲ್ಲ ಅವರದೇ; ಕಾಕಾ ಸಹ ಅವರನ್ನು ಕೇಳಿಯೇ ದೀಪ ಹಚ್ಚುವವರು. ನನ್ನ ಮುಖ ನೋಡಿ ಒಂದೇ ಮಾತು ಕೇಳಿದರು.

“ಸವಿತಾನ ಮುಹೂರ್ತ ತಪ್ಪತದೇನು?”

“ಹೌದ್ರಿ ಕಾಕು.”

ಒಳಗೆ ಹೋದರು. ಹೂರಣಕ್ಕೆಂದು ಕುಟ್ಟುತ್ತಿದ್ದ ಬೆಲ್ಲದಲ್ಲಿ ಒಂದು ತುಣುಕು ತಂದು ದೇವಿಯ ಮುಂದಿಟ್ಟು, ನೀರು ಸುತ್ತಿ, ಕೈಮುಗಿದರು. “ಆತು ನೈವೇದ್ಯ.”

ಕಾಕಾ ಬಾಯಿ ತೆರೆದು ನೋಡಿದರು. “ಹೋಳಿಗಿ?”

“ದೇವೀನೂ ಹೆಣ್ಮಗಳ ಅದಾಳ. ಬ್ಯಾಳಿ ಇನ್ನೂ ಒಲಿ ಮ್ಯಾಲದ ಅಂದ್ರ ಆಕಿಗೆ ತಿಳೀತದ. ಮಧ್ಯಾಹ್ನ ಕೊಡೂಣು. ನಮ್ಮ ಹುಡುಗಿ ಹೊಸ ಊರಾಗ ಮಂದಿ ಮುಂದ ನಿಂತಾಳ, ಆಕೀನ್ನ ಕಾಯಸಬ್ಯಾಡ್ರಿ.”

ಹಾಗೆಂದವರೇ ಕಾರ್ಡನ್ನು ತಾವೇ ಎತ್ತಿ, ಸೆರಗಿನಿಂದ ಕುಂಕುಮ ಒರೆಸಿ ನನ್ನ ಕೈಗಿಟ್ಟರು. ನನಗೆ ಕಣ್ಣು ತುಂಬಿ ಬಂತು. ಹೋಳಿಗೆಯಿಲ್ಲದೆ ಆ ಮನೆಯಲ್ಲಿ ಪೂಜೆಗೆ ಕೂತದ್ದನ್ನು ಎತ್ತಿದ್ದು ಅದೇ ಮೊದಲಿರಬೇಕು.

ಕಾರ್ಡಿನ ಅಂಚಿನ ಸಣ್ಣ ಸಣ್ಣ ತೂತುಗಳಲ್ಲಿ ಕುಂಕುಮ ಇಳಿದಿತ್ತು. ಊದಿದೆ, ಕೊಡವಿದೆ, ಮತ್ತೆ ಊದಿದೆ. ಕೆಳಗಿಳಿದು ಪೆಟ್ಟಿಗೆ ಆರಿಸಿ, ಕಾರ್ಡ್ ಸಿಕ್ಕಿಸಿ, ಮತ್ತೆ ಚಾಲೂ ಮಾಡಿದೆ. ಅದು ತನ್ನ ಗತ್ತಿನಲ್ಲಿ ನಿಧಾನವಾಗಿ ಎಚ್ಚರಾಗುವ ತನಕ, ನಮ್ಮ ಹಿಂದೆಯೇ ಇಳಿದು ಬಂದ ಕಾಕು ದೇವಿಯ ಹೆಸರು ಹೇಳುತ್ತ ನಿಂತರು. ಆಮೇಲೆ ಪರದೆಯ ಮೇಲೆ ಒಂದು ಸಾಲು ಮೂಡಿತು: ಭೋರ್ ಅಂಗಡಿ, ಬಾಗಿಲ ಚಿಲಕ, ಒಂದು. ಕಾಕಾ ಅದನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದರು. ಮತ್ತೊಮ್ಮೆ ಓದಿದರು. ಫೋನು ಬಂತು.

“ಮಾವಾರ, ಕಂಡಿತೇನ್ರಿ?”

“ಕಂಡಿತವ್ವಾ. ಇಲ್ಲೇ ಎದುರಿಗೆ ನಿಂತು ಮಾರಿದಂಗ ಕಂಡಿತು.”

ನಾನು ಜಾಣನಾಗಿ, ಹೊಸ ಕಟ್ಟಳೆಯನ್ನು ಪೆಟ್ಟಿಗೆಯ ಒಳಗಿನ ಮೆಮರಿಗೂ ಇಳಿಸಿದೆ. ಮುಂದಿನ ನವಮಿಗೆ ಕಾರ್ಡು ಎಷ್ಟು ಹೊತ್ತು ಬೇಕಾದರೂ ಪೂಜೆಗೆ ಕೂರಲಿ. ಕೆಲಸ ಮುಗಿಸಿ ತಲೆ ಎತ್ತುವಷ್ಟರಲ್ಲಿ ಕಾಕಾ ಪರದೆ ಆರಿಸಿ ಎದ್ದು ನಿಂತಿದ್ದರು.

“ಯಾಕ್ರಿ ಕಾಕಾ? ಇನ್ನ ಬಿಲ್ ಬರ್ತಾವ, ನೋಡ್ರಿ.”

“ಬರಲಿ ಬಿಡ್ರಿ. ದಿನಾ ಏನ್ ನೋಡೂದು? ಅಲ್ಲಿ ಸವಿತಾ ಅದಾಳಲ್ಲ,” ಎಂದು ಹೆಂಡತಿಯ ಹಿಂದೆ ಮೆಟ್ಟಿಲು ಹತ್ತಿದರು.

ಕೊಂಢವಾದಿಂದ ಭೋರ್ ತನಕ ನಾನು ಕಷ್ಟಪಟ್ಟು ಕೂಡಿಸಿದ ದಾರಿಯಲ್ಲಿ ಆ ಮನುಷ್ಯ ನೋಡಿದ್ದು ಒಂದೇ ಒಂದು ಚಿಲಕ. ನನ್ನ ಕೆಲಸ ಅಷ್ಟು ಬೇಗ ಬೇಡವಾದದ್ದಕ್ಕೆ ನನಗೆ ಅಷ್ಟು ಸಂತೋಷವಾದದ್ದು ಮತ್ತೆಂದೂ ಇಲ್ಲ.