ಹೊಟ್ಟೆಯ ಮೇಲೊಂದು ಪೆನ್ನಿನ ಗುರುತು

ಮೊದಲು ಕಂಡದ್ದು ರಕ್ತ. ಹೊಸೂರಿನ ಕ್ಲಿನಿಕ್ಕಿನ ಡಾಕ್ಟರು ಮೂಲವ್ಯಾಧಿ ಎಂದರು, ಪರೀಕ್ಷಿಸದೆ ಮುಲಾಮು ಬರೆದರು. ನೋಡುತ್ತೇನೆ ಎಂದು ಅವರು ಹೇಳಲಿಲ್ಲ. ನೋಡಿ ಎನ್ನಲು ನನಗೆ ನಾಚಿಕೆ. ಗಡಿಯಾರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಪೂರ್ತಿ ಕೂತು ಕೆಲಸ ಮಾಡುವವಳು ನಾನು. ಕೂರುವುದೇ ಆಗದಂತಾದ ಮೇಲೆ ಕೊಲೊನೊಸ್ಕೋಪಿ, ಬಯಾಪ್ಸಿ.

ರೆಕ್ಟಲ್ ಕ್ಯಾನ್ಸರ್, ಗುದನಾಳದ್ದು.

ರೇಡಿಯೇಷನ್, ಕೀಮೋ ಮುಗಿದು ಗಡ್ಡೆ ಕುಗ್ಗಿತು. ಉಳಿದದ್ದು ಸರ್ಜರಿ. ಅದರ ಮಾತು ಬಂದ ದಿನ ಸರ್ಜನ್ನರ ಎದುರಿನ ಕುರ್ಚಿಯಲ್ಲಿ ನಾನೇ ಕೂತಿದ್ದೆ. ಅವರು ಮಾತಾಡಿದ್ದು ಪಕ್ಕದಲ್ಲಿದ್ದ ನನ್ನ ಗಂಡನ ಜೊತೆ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕಿಲ್ಲ, ಸಣ್ಣ ರಂಧ್ರಗಳಲ್ಲೇ ಆಗುತ್ತದೆ, ಲ್ಯಾಪರೋಸ್ಕೋಪಿ ಇದೆ, ರೋಬೋಟಿಕ್ ಇದೆ, ಯೋಚಿಸಿ ಎಂದರು. ಆಮೇಲೆ ನನ್ನನ್ನು ಹೊರಗೆ ಕಳಿಸಿ ಗಂಡನನ್ನು ಒಳಗೇ ಉಳಿಸಿಕೊಂಡರು.

ಮನೆಯಲ್ಲಿ ತೀರ್ಮಾನ ಮಾಡಿದವನು ಮೈದುನ ಮಂಜು. ಲಾರಿ ಫ್ಯಾಕ್ಟರಿಯ ವೆಲ್ಡಿಂಗ್ ವಿಭಾಗದಲ್ಲಿ ಕೆಲಸ.

"ರೋಬೋನೇ ಮಾಡಿಸ್ಬುಡಣ್ಣ. ನಮ್ ಲೈನಲ್ಲಿ ರೋಬೋ ಹಾಕೋ ಒಂದು ವೆಲ್ಡೂ ಆಚೀಚೆ ಹೋಗಲ್ಲ. ಸುತ್ತ ಬೇಲಿ ಹಾಕವ್ರೆ ಅತ್ತಿಗೆ. ಮನ್ಸ ಒಳಕ್ಕೆ ಕಾಲಿಟ್ರೆ ಅದು ನಿಂತೋಗ್ತದೆ."

"ಹಂಗಾರೆ ಡಾಕ್ಟ್ರು?" ಎಂದೆ.

"ಆಚೆ ಟೀ ಕುಡೀತಾ ಇರ್ತಾರೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗಾದರೆ ಗಂಡಸರ ಕೈ ಅಲ್ಲಿಗೆ ತಾಗುವುದಿಲ್ಲ ಎಂಬ ಸಮಾಧಾನ ನನ್ನದು. ಆ ಸಮಾಧಾನದಲ್ಲೇ ಒಪ್ಪಿದೆ. ಆಸ್ಪತ್ರೆಯಲ್ಲಿ ನಾವು "ರೋಬೋ" ಎಂದಾಗ ಏನು ತಿಳಿದುಕೊಂಡು ಹೇಳುತ್ತಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ.

ಸರ್ಜರಿಯ ಹಿಂದಿನ ದಿನ ನರ್ಸ್ ಬಂದಳು. ಕೃಷ್ಣಗಿರಿ ಕಡೆಯ ಹುಡುಗಿ. ನನ್ನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ, ಹೊಕ್ಕುಳಿನ ಬಲಕ್ಕೆ ಪೆನ್ನಿನಿಂದ ದುಂಡಗೆ ಒಂದು ಗುರುತು ಹಾಕಿದಳು.

"ಇದ್ಯಾಕಮ್ಮ?"

"ಬ್ಯಾಗಿಗೆ ಅಕ್ಕಾ. ಮೋಷನ್ ಇಲ್ಲಿಂದ ಬರುತ್ತಲ್ಲ. ಸೀರೆ ಕಟ್ಟೋ ಜಾಗ ತಪ್ಸಿದೀನಿ." ನನ್ನ ಮುಖ ನೋಡಿ ಗಾಬರಿಯಾದಳು. "ಸಾರ್ ಸೊಲ್ಲಲೆಯಾ, ಹೇಳಿಲ್ವಾ? ಅಣ್ಣಂಗೆ ಹೇಳವ್ರಂತೆ."

ಅಣ್ಣಂಗೆ ಹೇಳಿದ್ದಾರೆ.

ಹೊಟ್ಟೆ ನನ್ನದು.

ಗಂಡ ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ನೀನು ಹೆದ್ರಿ ಬ್ಯಾಡ ಅಂದ್ಬುಟ್ರೆ ಅಂತ..."

"ಎಚ್ಚರ ಆದ್ಮೇಲೆ ನಾನೇ ನೋಡ್ಕೊಳ್ಲಿ ಅಂತಿದ್ರಾ? ಡಾಕ್ಟ್ರು ನನ್ನತ್ರ ಮಾತಾಡ್ಲಿ. ಅಲ್ಲೀಗಂಟ ನಾನು ಥಿಯೇಟ್ರಿಗೆ ಬರಲ್ಲ."

ಸಂಜೆ ಸರ್ಜನ್ ಬಂದರು. ನಿಂತೇ ಮಾತು ಮುಗಿಸಲು ಹೊರಟರು. ಸ್ಟೂಲ್ ತೋರಿಸಿದೆ. ಕೂತರು. ಆಗ ತಿಳಿಯಿತು. ರೋಬೋ ತಾನಾಗಿ ಏನೂ ಮಾಡುವುದಿಲ್ಲ. ಡಾಕ್ಟರೇ ಅದೇ ಕೋಣೆಯಲ್ಲಿ ಕೂತು ಅದರ ಕೈಗಳನ್ನು ಆಡಿಸುತ್ತಾರೆ. ಲ್ಯಾಪರೋಸ್ಕೋಪಿಯಲ್ಲಿ ಉಪಕರಣಗಳನ್ನು ತಾವೇ ಹಿಡಿಯುತ್ತಾರೆ. ಕೆಲವರಿಗೆ ಗುದದ್ವಾರದ ಮೂಲಕ, ಕೆಳಗಿನಿಂದಲೂ ಮಾಡುತ್ತಾರೆ. ಸೊಂಟದ ಮೂಳೆಯೊಳಗೆ ಜಾಗ ಇಕ್ಕಟ್ಟಾಗಿದ್ದರೆ ರೋಬೋಟಿನಿಂದ ಅನುಕೂಲ. ನನಗೆ ಜಾಗವಿದೆ. ದಾರಿ ಯಾವುದಾದರೂ ಗಡ್ಡೆಯನ್ನು ಸುತ್ತಲಿನ ಪೊರೆಯ ಸಮೇತ ಹರಿಯದಂತೆ ತೆಗೆಯಬೇಕು, ಮಲ ತಡೆಯುವ ಸ್ನಾಯು ಉಳಿಯಬೇಕು. ಕರುಳು ಜೋಡಿಸಿದ ಹೊಲಿಗೆ ಮಾಗುವವರೆಗೆ ಬ್ಯಾಗ್ ಬೇಕು. ಸ್ನಾಯು ಉಳಿಯದಿದ್ದರೆ ಅದು ಶಾಶ್ವತ.

"ನಿಮ್ಗೆ ಯಾವುದ್ರಲ್ಲಿ ಕೈ ಪಳಗಿದೆ ಸಾರ್?"

"ಲ್ಯಾಪರೋಸ್ಕೋಪಿಯಲ್ಲೇ ಹೆಚ್ಚು."

"ಮತ್ತೆ ರೋಬೋ ಯಾಕೆ?"

"ನಿಮ್ಮ ಮನೆಯವರು ಕೇಳಿದರಲ್ಲ."

ಆ ಉತ್ತರಕ್ಕೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹೆಂಗಸಿನ ನಾಚಿಕೆ, ಗಂಡಸಿನ ಭಯ, ಮೈದುನನ ಫ್ಯಾಕ್ಟರಿ ಜ್ಞಾನ ಸೇರಿ ಆದ ತೀರ್ಮಾನವನ್ನು ಎಲ್ಲ ಬಲ್ಲವರು ಹಾಗೇ ಒಪ್ಪಿಕೊಂಡರು. ತಿದ್ದಲು ಆ ಸಂಜೆ ಸ್ಟೂಲಿನ ಮೇಲೆ ಕೂತಷ್ಟು ಹೊತ್ತು ಸಾಕಿತ್ತು.

ನಾನು ಲ್ಯಾಪರೋಸ್ಕೋಪಿ ಎಂದೆ. ಅವರು ಚೆನ್ನಾಗಿಯೇ ಮಾಡಿದರು. ಅದನ್ನೂ ಹೇಳಬೇಕು. ಎಚ್ಚರವಾದಾಗ ಗುರುತಿದ್ದ ಜಾಗದಲ್ಲಿ ಬ್ಯಾಗ್ ಇತ್ತು. ಅಳು ಬಂತು, ಆದರೆ ಬೆಚ್ಚಲಿಲ್ಲ. ಸ್ನಾಯು ಉಳಿದಿತ್ತು. ತಿಂಗಳುಗಳ ನಂತರ ಬ್ಯಾಗ್ ತೆಗೆದು ಕರುಳನ್ನು ಒಳಗೆ ಸೇರಿಸಿದರು. ಈಗಲೂ ಬಸ್ ಹತ್ತುವ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ. ಬದುಕಿದ್ದೇನೆ.

ಕಳೆದ ಚೆಕಪ್‌ನಲ್ಲಿ ಸರ್ಜನ್ ರಿಪೋರ್ಟಿನಿಂದ ತಲೆ ಎತ್ತಿ ನನ್ನ ಗಂಡನನ್ನು ಕೇಳಿದರು: "ಹೇಗಿದ್ದಾರೆ?"

ಇವರು ತಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

"ಅವಳ್ನೇ ಕೇಳಿ ಸಾರ್."